ಈರಣ್ಣನವರಿಗೆ ನಾನು ಕಲಿಸಿದ ಮುರ್ಕಿ

ಮನುಷ್ಯ ತನ್ನ ದುರ್ಗುಣಗಳಲ್ಲಿ ಬಹುತೇಕ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. 'ನನಗೆ ಸಿಟ್ಟು ಬಹಳ ನೋಡ್ರಿ' ಎನ್ನುವವರ ದನಿಯಲ್ಲಿ ಒಂದಿಷ್ಟು ಹೆಮ್ಮೆಯೇ ಇರುತ್ತದೆ. ಸೋಮಾರಿಗಳು ತಮ್ಮ ಸೋಮಾರಿತನವನ್ನು ನಗುನಗುತ್ತಲೇ ಹೇಳಿಕೊಳ್ಳುತ್ತಾರೆ. ಗೊರಕೆಯ ವಿಷಯವನ್ನಂತೂ ನಾವು ಹೇಳಬೇಕಾದ್ದೇ ಇಲ್ಲ, ಮನೆಯವರು ಹೇಳುತ್ತಾರೆ. ಆದರೆ 'ನನಗೆ ಹೊಟ್ಟೆಕಿಚ್ಚು ಜಾಸ್ತಿ' ಎಂದು ಬಾಯಿ ಬಿಟ್ಟು ಹೇಳಿದವರನ್ನು ನನ್ನ ಐವತ್ತಮೂರು ವರ್ಷಗಳಲ್ಲಿ ನಾನು ಕಂಡಿಲ್ಲ. ಯಾರಾದರೊಬ್ಬರು ಶುರು ಮಾಡಲೇಬೇಕಲ್ಲ, ನಾನೇ ಮಾಡುತ್ತೇನೆ. ನನಗೆ ಹೊಟ್ಟೆಕಿಚ್ಚಿದೆ. ದೊಡ್ಡ ದೊಡ್ಡವರನ್ನು ಕಂಡು ಅಲ್ಲ. ಸ್ವಂತ ವಿಮಾನ ಇಟ್ಟುಕೊಂಡವರ ಸುದ್ದಿ ಓದಿದರೆ ನನಗೆ ಏನೂ ಅನ್ನಿಸುವುದಿಲ್ಲ, ಪೇಪರು ಮಡಿಸಿಟ್ಟು ಸ್ನಾನಕ್ಕೆ ಹೋಗುತ್ತೇನೆ. ಆದರೆ ಪಕ್ಕದ ಮನೆಯವರು ಹೊಸ ಕೊಡೆ ತಂದರೆ ನನಗೆ ಅವತ್ತು ಊಟ ಸೇರುವುದಿಲ್ಲ. ನನ್ನ ಹೊಟ್ಟೆಕಿಚ್ಚು ಮನೆಯ ಕಂಪೌಂಡಿನಿಂದ ಆಚೆ ಹದಿನೈದು ಅಡಿಯವರೆಗೆ ಮಾತ್ರ ಹೋಗಬಲ್ಲದು. ಆ ಹದಿನೈದು ಅಡಿಯೊಳಗೆ ಈರಣ್ಣನವರ ಮನೆ ಇದೆ.

ಈರಣ್ಣನವರು ಅಮರಗೋಳದ ಎಪಿಎಂಸಿ ಯಾರ್ಡಿನಲ್ಲಿ ಕಾಳಿನ ವ್ಯಾಪಾರಸ್ಥರು. ನಾನು ವಿಮಾ ಕಚೇರಿಯ ನೌಕರ. ಹುಬ್ಬಳ್ಳಿಯ ಬೆಂಗೇರಿಯ ಒಂದೇ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಹನ್ನೊಂದು ವರ್ಷದಿಂದ ಇದ್ದೇವೆ. ಬಹಳ ಒಳ್ಳೆಯ ಮನುಷ್ಯ. ಇದನ್ನು ನಾನು ಸಂತೋಷದಿಂದ ಹೇಳುತ್ತಿಲ್ಲ. ಒಂದಿಷ್ಟು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ನನಗಿಂತ ನಾಲ್ಕು ವರ್ಷ ದೊಡ್ಡವರು, ತಲೆತುಂಬ ಕೂದಲಿದೆ. ಮಧ್ಯಾಹ್ನ ಊಟಕ್ಕೆ ಎರಡು ಹೋಳಿಗೆ ಹೊಡೆದು, ಸಂಜೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿದರೂ ಏನೂ ಬರುವುದಿಲ್ಲ. ನಾನು ಸಜ್ಜಕದ ವಾಸನೆ ನೋಡಿದರೂ ಬರುತ್ತದೆ. ಧಾರವಾಡದ ಬಸ್ಸಿನಲ್ಲಿ ಕೂತು ಟಿಕೆಟು ಜೇಬಿಗೆ ಹಾಕುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿರುತ್ತದೆ, ಇಳಿಯುವ ಸ್ಟಾಪು ಬಂದಾಗ ತಾವಾಗಿಯೇ ಎಚ್ಚರಾಗುತ್ತಾರೆ. ನಾನು ದಾರಿಯುದ್ದಕ್ಕೂ ಎಚ್ಚರಿದ್ದು ಸ್ಟಾಪು ತಪ್ಪಿಸಿಕೊಂಡಿದ್ದುಂಟು. ಇಂಥ ಮನುಷ್ಯನ ಪಕ್ಕದಲ್ಲಿ ಹನ್ನೊಂದು ವರ್ಷ ಬಾಳುವೆ ಮಾಡುವುದು ಸಣ್ಣ ಮಾತಲ್ಲ.

ಆದರೂ ನಾನು ಹೇಗೋ ತಡೆದುಕೊಂಡಿದ್ದೆ. ಅದಕ್ಕೆ ಕಾರಣ, ಒಂದು ವಿಷಯದಲ್ಲಿ ಮಾತ್ರ ಅವರು ನನ್ನ ಹತ್ತಿರಕ್ಕೂ ಬರುವಂತಿರಲಿಲ್ಲ. ಅದು ಸಂಗೀತ. ನಾವು ಮೂಲತಃ ಧಾರವಾಡದವರು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರುವುದು ಅರ್ಧ ತಾಸಿನ ಬಸ್ಸಿನ ದಾರಿ, ಎರಡಕ್ಕೂ ಮಹಾನಗರಪಾಲಿಕೆ ಒಂದೇ. ಆದರೂ ಹುಬ್ಬಳ್ಳಿಯಲ್ಲಿ ಮನೆ ಮಾಡಿದ ಧಾರವಾಡದವನು 'ನಾವು ಧಾರವಾಡದವರು' ಎನ್ನುವಾಗ ಕುತ್ತಿಗೆಯನ್ನು ಸ್ವಲ್ಪ ಎತ್ತಿಯೇ ಹೇಳುತ್ತಾನೆ. ನಮ್ಮ ಪಡಸಾಲೆಯ ಮೂಲೆಯಲ್ಲಿ ಗವಸು ಹಾಕಿದ ಒಂದು ತಂಬೂರಿ ಇದೆ. ನಮ್ಮ ಅಜ್ಜ ತಂದದ್ದು. ಅಜ್ಜ ಅದನ್ನು ನುಡಿಸಿದ್ದನ್ನು ಕಂಡವರು ಯಾರೂ ಇಲ್ಲ. ನಮ್ಮ ತಂದೆಯವರು ಪ್ರತಿ ದಸರೆಗೆ ಅದರ ಧೂಳು ಒರೆಸುತ್ತಿದ್ದರು. ನಾನು ಮನೆಗೆ ಬಂದವರಿಗೆ ಅದನ್ನು ತೋರಿಸುತ್ತೇನೆ. ಹೀಗೆ ಮೂರು ತಲೆಮಾರಿನಿಂದ ನಮ್ಮಲ್ಲಿ ಸಂಗೀತ ಸೇವೆ ನಡೆದುಕೊಂಡು ಬಂದಿದೆ.

ನಾನು ಸ್ವತಃ ಏಳು ವರ್ಷ ಕಲಿತವನು. ಧಾರವಾಡದ ನಮ್ಮ ಓಣಿಯಲ್ಲೇ ಒಬ್ಬ ಗುರುಗಳಿದ್ದರು. ಅವರ ಹತ್ತಿರ ಕಲಿತದ್ದು ಎರಡೂವರೆ ರಾಗ, ಜೊತೆಗೆ ಒಂದು ಮುರ್ಕಿ. ಹಾಡಿನ ಸಾಲು ಮುಗಿಯುವಾಗ ದನಿಯನ್ನು ಸುಮ್ಮನೆ ನಿಲ್ಲಿಸದೆ, ಎರಡು ಮೂರು ಸ್ವರಗಳನ್ನು ಸರಕ್ಕನೆ ತಿರುವಿ ಸುತ್ತಿ ಇಳಿಸುವುದಕ್ಕೆ ಮುರ್ಕಿ ಎನ್ನುತ್ತಾರೆ. ಅದು ಮಾತ್ರ ನನಗೆ ಚೆನ್ನಾಗಿ ಬರುತ್ತಿತ್ತು. 'ನಿನಗ ಮುರ್ಕಿ ಛಲೋ ಬರ್ತದಪಾ, ಉಳಿದದ್ದೂ ಬಂದಿದ್ರ ಹಾಡಬಹುದಾಗಿತ್ತು' ಎಂದು ಗುರುಗಳು ಹೇಳಿದ್ದರು. ಈ ಮಾತಿನ ಮೊದಲರ್ಧವನ್ನು ನಾನು ಮೂವತ್ತೈದು ವರ್ಷಗಳಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಈರಣ್ಣನವರಿಗೆ ಕನಿಷ್ಠ ಇಪ್ಪತ್ತು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವರು ಮೊದಲ ಸಲ ಕೇಳಿದವರಂತೆ 'ಹೌದೇನ್ರೀ!' ಎಂದು ಕಣ್ಣರಳಿಸಿದ್ದಾರೆ.

ಹೀಗಿರುವಾಗ ಒಂದು ದಿನ ನಮ್ಮ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ನಳದ ನೀರು ಯಾವತ್ತು ಬರುತ್ತದೆ ಎಂಬ ಚರ್ಚೆಯ ನಡುವೆ, ಒಂದು ಸೂಚನೆ ಬಂತು. ಬಡಾವಣೆಯವರದೇ ಒಂದು ವೃಂದಗಾನ ತಂಡ ಕಟ್ಟುವುದು. ಹನ್ನೆರಡು ಗಂಡಸರು, ಹನ್ನೆರಡು ಹೆಂಗಸರು. ವಾರ್ಷಿಕ ಸ್ನೇಹ ಸಮ್ಮೇಳನದ ದಿನ ಬೆಳಿಗ್ಗೆ ಮೊದಲ ಹಾಡು. ಆಸಕ್ತರಿಗೆ ಹದಿನೈದು ದಿನ ಬಿಟ್ಟು ಭಾನುವಾರ ಸಮುದಾಯ ಭವನದಲ್ಲಿ ಆಡಿಷನ್. ತಂಡ ಕಟ್ಟುವವರು ಎರಡನೆಯ ಅಡ್ಡರಸ್ತೆಯ ಸುಶೀಲಾ ಟೀಚರು. ಅವರು ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸಿ ನಿವೃತ್ತರಾದವರು. ಸಣ್ಣಂದಿನಿಂದ ಪ್ರತಿ ಭಾನುವಾರ ಚರ್ಚಿನಲ್ಲಿ ನಲವತ್ತು ಮಂದಿಯ ಜೊತೆ ನಿಂತು ಹಾಡಿ ಬೆಳೆದವರು. ಹಾಡೂ ಸಿದ್ಧವಾಗಿತ್ತು. ನಮ್ಮ ಸಂಘದ ಕಾರ್ಯದರ್ಶಿಗಳು, ಅಂದರೆ ನಿವೃತ್ತ ಗಣಿತದ ಮಾಸ್ತರರು, ತಾವೇ ಬರೆದಿದ್ದರು. 'ನಮ್ಮ ಓಣಿಗೆ ಬೆಳಗು ಬಂತು, ಬೇವಿನ ಗಿಡಕೆ ಬಿಸಿಲು ಬಂತು.' ಹೀಗೇ ಎಂಟು ಸಾಲುಗಳಲ್ಲಿ ಎಂಟು ವಸ್ತುಗಳು ಬರುತ್ತಿದ್ದವು. ಲೆಕ್ಕ ತಪ್ಪಿರಲಿಲ್ಲ.

ನಾನು ಆ ಸೂಚನೆಯನ್ನು ನಾಲ್ಕು ಸಲ ಓದಿದೆ. ನಗಬೇಡಿ. ಮೂವತ್ತೈದು ವರ್ಷ ನಾನು ಬರೀ ಕೇಳಿದವನು. ಊರಿನಲ್ಲಿ ಯಾವ ಸಂಗೀತ ಕಚೇರಿ ಇದ್ದರೂ ಎರಡನೆಯ ಸಾಲಿನಲ್ಲಿ ಕೂತು, ತೊಡೆ ತಟ್ಟಿ, ತಾಳದ ಸಮಕ್ಕೆ ಸರಿಯಾಗಿ ತಲೆ ಆಡಿಸಿ, 'ವಾಹ್ ವಾಹ್' ಎಂದು ಎದ್ದು ಬಂದವನು. ಒಂದೇ ಒಂದು ಸಲ, ನಾಲ್ಕು ಮಂದಿ ನನ್ನ ಕಡೆ ತಿರುಗಿ 'ವಾಹ್' ಎನ್ನಬೇಕು ಎಂಬ ಆಸೆ ನನಗೂ ಇತ್ತು. ಹೆಂಡತಿ ವಿಜಯಾ ಹತ್ತಿರ ಹೇಳಿದೆ. ಆಕೆ ಚಪಾತಿ ಲಟ್ಟಿಸುತ್ತಿದ್ದವಳು ಕೈ ನಿಲ್ಲಿಸಿ, 'ಹೋಗ್ರಿ, ಛಲೋ ಆತು. ನೀವು ಸ್ನಾನ ಮಾಡ್ಲಿಕ್ಕೆ ಹೋದಾಗಷ್ಟ ನಿಮ್ಮ ಹಾಡು ಕೇಳಿ ಕೇಳಿ, ಅದಕ್ಕ ನೀರು ಬೇಕ ಬೇಕೇನೋ ಅನ್ಕೊಂಡಿದ್ದೆ' ಎಂದಳು. ನಾನು ಅದನ್ನು ಪ್ರೋತ್ಸಾಹ ಎಂದೇ ತೆಗೆದುಕೊಂಡೆ.

ಮರುದಿನ ಸಂಜೆ ಈರಣ್ಣನವರು ಬಂದರು. ಕೈಯಲ್ಲಿ ಒಂದು ತೆಂಗಿನಕಾಯಿ, ಎಲೆ ಅಡಿಕೆ, ಹಿಂದೆ ಅವರ ಅಂಗಡಿಯ ಹಮಾಲನ ಹೆಗಲ ಮೇಲೆ ಅರ್ಧ ಚೀಲ ಬಿಳಿಜೋಳ. ನನಗೆ ತಿಳಿಯಲಿಲ್ಲ. ಚೀಲ ಇಳಿಸಿ ಕಳಿಸಿ, ನನ್ನ ಎದುರು ನೆಲದ ಮೇಲೆ ಕೂತುಬಿಟ್ಟರು. 'ಕುಲಕರ್ಣೀರ, ಆ ಹಾಡಿನ ಪರೀಕ್ಷಾಕ್ಕ ನಾನೂ ಹೆಸರ ಕೊಟ್ಟೇನ್ರಿ. ನಂಗೇನೂ ಬರಂಗಿಲ್ಲ, ನಿಮಗ ಗೊತ್ತದ. ಸೋಮವಾರ ಸೋಮವಾರ ಗುಡ್ಯಾಗ ಭಜನಿ ಇರ್ತದ ನೋಡ್ರಿ, ಅಲ್ಲಿ ಹಿಂದ ಕುಂತು ದನಿ ಕೂಡಸ್ತೇನಿ, ಅಷ್ಟ. ನೀವು ಖರೇ ಕಲತವರು. ಒಂದೀಟು ಹೇಳಿಕೊಡ್ರಿ. ನೀವು ನಮ್ಮ ಗುರುಗಳಾಗಬೇಕು.' ಇಷ್ಟು ಹೇಳಿ, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆ ಗಳಿಗೆಯಲ್ಲಿ ನನಗಾದ ಸುಖವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಹನ್ನೊಂದು ವರ್ಷದ ಹೋಳಿಗೆ, ಕೂದಲು, ನಿದ್ದೆ ಎಲ್ಲವೂ ವಜಾ ಆಗಿ ಹೋದವು. ಜೋಳ ಒಳಗೆ ತೆಗೆದುಕೊಂಡು ಹೋಗೆಂದು ವಿಜಯಾಗೆ ಗಂಭೀರವಾಗಿ ಸನ್ನೆ ಮಾಡಿದೆ.

ಎರಡು ವಾರ ಪಾಠ ನಡೆಯಿತು. ಸಂಜೆ ಆರಕ್ಕೆ ಈರಣ್ಣನವರು ಕೈಕಾಲು ತೊಳೆದುಕೊಂಡು ಹಾಜರಾಗುತ್ತಿದ್ದರು. ತಂಬೂರಿಯ ಗವಸು ತೆಗೆಸಿದೆ. ಒಂದು ತಂತಿ ಮೊದಲೇ ಹೋಗಿತ್ತು, ಇನ್ನೊಂದು ಮುಟ್ಟಿದಾಗ ಹೋಯಿತು. ಮೊಬೈಲಿನಲ್ಲಿ ಶ್ರುತಿ ಹಾಕಿಕೊಂಡು, ತಂಬೂರಿಯನ್ನು ಪಕ್ಕದಲ್ಲಿ ಸುಮ್ಮನೆ ನಿಲ್ಲಿಸಿಕೊಂಡೆವು. ಈರಣ್ಣನವರ ಧ್ವನಿ ಹೇಗಿತ್ತೆಂದರೆ, ಏನೂ ಇರಲಿಲ್ಲ. ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ನಾನು ಹಾಡಿದರೆ ನನ್ನ ಹಿಂದೆಯೇ, ನನ್ನ ಎತ್ತರಕ್ಕೇ, ನನ್ನಷ್ಟೇ ಸದ್ದಿನಲ್ಲಿ ಬರುತ್ತಿದ್ದರು. ಒಮ್ಮೊಮ್ಮೆ ಅವರು ಹಾಡುತ್ತಿದ್ದಾರೋ ಇಲ್ಲವೋ ಎಂದು ನಾನು ತಿರುಗಿ ನೋಡಬೇಕಾಗುತ್ತಿತ್ತು. ಇದು ದೊಡ್ಡ ದೋಷವೆಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಬಾಯಿಯಿಂದ ಮಾತ್ರ 'ಪರವಾಗಿಲ್ಲ, ಸುಧಾರಸ್ತೀರಿ' ಎನ್ನುತ್ತಿದ್ದೆ. ಶಿಷ್ಯ ಸುಧಾರಿಸುವ ಸಂಭವ ಇಲ್ಲದಿದ್ದಾಗ ಗುರುವಿಗೆ ಬರುವ ತಾಳ್ಮೆ ದೊಡ್ಡದು.

ನಾಲ್ಕನೆಯ ದಿನ ಅವರು ಕೇಳಿದರು. 'ಗುರುಗಳ, ಆ ಕಡೀಕ ನೀವು ಒಂದು ಸುತ್ತು ಹಾಕ್ತೀರಲ್ಲ, ಬಿಸಿಲು ಬಂತು ಅನ್ನೋದ್ರಾಗ, ಬಂ... ಅಂತ ಹೊಳ್ಳಿಸಿ... ಅದು ನನಗೂ ಬರ್ತದೇನ್ರಿ?' ನನ್ನ ಹತ್ತಿರ ಇದ್ದದ್ದೇ ಅದೊಂದು. ಹಿಂದಿನ ಕಾಲದ ಉಸ್ತಾದರು ಶಿಷ್ಯರಿಗೆ ಎಲ್ಲ ಕಲಿಸಿ, ಒಂದು ಚೀಜನ್ನು, ಅಂದರೆ ಒಂದು ವಿಶೇಷ ಹಾಡನ್ನು, ಮಾತ್ರ ತಮ್ಮ ಮಗನಿಗೋ ಅಳಿಯನಿಗೋ ತೆಗೆದಿಡುತ್ತಿದ್ದರಂತೆ. ಆ ಕಥೆಗಳನ್ನು ಹೇಳುವಾಗ ನಾನು ಯಾವಾಗಲೂ ಉಸ್ತಾದರನ್ನು ಬೈಯುತ್ತಿದ್ದೆ. ಅವತ್ತು ಅವರ ಸಂಕಟ ತಿಳಿಯಿತು. 'ಈರಣ್ಣಾರ, ಮುರ್ಕಿ ಅಂದ್ರ ಏಳು ವರ್ಷದ ಮಾತು. ನಿಮಗ ಅದು ಬ್ಯಾಡ. ನೀವು ಸೀದಾ ಹಾಡ್ರಿ. ಇದ್ದದ್ದು ಇದ್ದಂಗ. ಬಂತು ಅಂದ್ರ ಬಂತು, ಅಷ್ಟ' ಎಂದೆ. ಅವರು ತಲೆಯಾಡಿಸಿ, 'ಬಂತು ಅಂದ್ರ ಬಂತು' ಎಂದು ಮಂತ್ರದ ಹಾಗೆ ಹೇಳಿಕೊಂಡರು. ಉಳಿದ ಹತ್ತು ದಿನ ಅವರಿಂದ ಅದನ್ನೇ ಹಾಡಿಸಿದೆ. ಒಂದಿಷ್ಟು ಅಲುಗಿದರೂ ತಿದ್ದುತ್ತಿದ್ದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಮುರ್ಕಿಗೆ ಸಾಣೆ ಹಿಡಿಯುತ್ತಿದ್ದೆ.

ಆಡಿಷನ್ನಿನ ಭಾನುವಾರ ಬಂತು. ಕಲ್ಲುಸಕ್ಕರೆ, ಮೆಣಸು, ಬಿಸಿನೀರಿನ ಥರ್ಮಾಸು ಎಲ್ಲ ಚೀಲದಲ್ಲಿಟ್ಟುಕೊಂಡು ಈರಣ್ಣನವರ ಸ್ಕೂಟರಿನ ಹಿಂದೆ ಕೂತು ಹೋದೆ. ಸಮುದಾಯ ಭವನದಲ್ಲಿ ಮೂವತ್ತೊಂದು ಗಂಡಸರು ಕೆಮ್ಮುತ್ತಿದ್ದರು. ನಮ್ಮ ಸೀಮೆಯಲ್ಲಿ ಹಾಡು ಎಂದರೆ ಒಬ್ಬನೇ ಕೂತು ಹಾಡುವುದು. ಉಳಿದವರು ಕೇಳಬೇಕು, ಇಲ್ಲವೇ ತಮ್ಮ ಸರದಿಗೆ ಕಾಯಬೇಕು. ಜೊತೆಗೆ ಹಾಡುವುದು ಎಂಬ ಮಾತೇ ನಮಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಮೊದಲು ಎದ್ದ ನಿವೃತ್ತ ತಹಶೀಲ್ದಾರರು ಕಣ್ಣು ಮುಚ್ಚಿ ಷಡ್ಜ ಹಚ್ಚಿ ಆಲಾಪಕ್ಕೆ ಇಳಿದರು. ಓಣಿಗೆ ಬೆಳಗು ಬರುವ ಲಕ್ಷಣವೇ ಕಾಣಲಿಲ್ಲ. ಐದು ನಿಮಿಷದ ಮೇಲೆ ಸುಶೀಲಾ ಟೀಚರು ಪುಟ್ಟ ಕೀಬೋರ್ಡಿನ ಮೇಲೆ ಟಕಟಕ ಬಡಿದು, 'ಸರ್, ಸಾಕ್ರಿ. ಒಬ್ಬೊಬ್ರು ಬ್ಯಾಡ. ಆರಾರು ಮಂದಿ ಒಂದ ಸಾಲಿನಾಗ ನಿಂದರ್ರಿ. ಆಲಾಪ ಬ್ಯಾಡ, ತಾನ ಬ್ಯಾಡ. ಕೂಡಿ ಹಾಡ್ರಿ' ಎಂದರು. ಮೂವತ್ತೊಂದು ಮುಖಗಳು ಸಪ್ಪಗಾದವು. ಆಲಾಪ ಬೇಡ ಎಂದಿದ್ದರು, ತಾನ ಬೇಡ ಎಂದಿದ್ದರು. ಮುರ್ಕಿಯ ಹೆಸರು ಎತ್ತಿರಲಿಲ್ಲ. ನಾನು ಧೈರ್ಯ ತಂದುಕೊಂಡೆ.

ನಮ್ಮ ಸಾಲಿನಲ್ಲಿ ಆರು ಮಂದಿ. ನನ್ನ ಬಲಕ್ಕೆ ಈರಣ್ಣನವರು. ಟೀಚರು ಕೈ ಎತ್ತಿ ಇಳಿಸಿದರು, ಹಾಡು ಶುರುವಾಯಿತು. ಟೀಚರು ನಮ್ಮ ಹಿಂದೆ ಹಿಂದೆ ನಡೆಯುತ್ತ ಒಬ್ಬೊಬ್ಬರ ಬೆನ್ನ ಹತ್ತಿರ ನಿಂತು ಕಿವಿಗೊಡುತ್ತಿದ್ದರು. ನನ್ನ ಹಿಂದೆ ಅವರ ಚಪ್ಪಲಿ ನಿಂತ ಸದ್ದು ಕೇಳಿತು. ಸರಿಯಾಗಿ ಅದೇ ಹೊತ್ತಿಗೆ ಬೇವಿನ ಗಿಡದ ಸಾಲು ಬಂತು. ಐದು ಮಂದಿಯ ಬಿಸಿಲು ಬಂದು, ನೆಲಕ್ಕೆ ಮುಟ್ಟಿ, ಸುಮ್ಮನಾಯಿತು. ನನ್ನ ಬಿಸಿಲು ಮಾತ್ರ ಇನ್ನೂ ಬರುತ್ತಲೇ ಇತ್ತು. ತಿರುಗಿ, ಸುತ್ತಿ, ಎರಡು ಸಲ ಬಳುಕಿ, ಆಮೇಲೆ ಇಳಿಯಿತು. ಬಹಳ ಚೆನ್ನಾಗಿ ಬಂದಿತ್ತು, ನಿಮ್ಮಾಣೆಗೂ. ಹಿಂದಿನ ಕುರ್ಚಿಯಿಂದ ತಹಶೀಲ್ದಾರರು 'ಆಹಾ' ಎಂದರು. ಟೀಚರು 'ಇನ್ನೊಮ್ಮೆ, ಈ ಸಲ ಸೀದಾ' ಎಂದರು. ನಾನು ಒಪ್ಪಿದೆ. ಮನಸ್ಸು ಒಪ್ಪಿತು, ಗಂಟಲು ಒಪ್ಪಲಿಲ್ಲ. ಎರಡನೆಯ ಸಲವೂ ಬಂತು. ಮೂರನೆಯ ಸಲ ಹಲ್ಲು ಕಚ್ಚಿ ಹಿಡಿದೆ, ಆದರೂ ಬಾಲದಷ್ಟು ಹೊರಗೆ ಬಿತ್ತು. ಏಳು ವರ್ಷ ಕಷ್ಟಪಟ್ಟು ಹತ್ತಿಸಿಕೊಂಡದ್ದು ಏಳು ನಿಮಿಷದಲ್ಲಿ ಬಿಡು ಎಂದರೆ ಎಲ್ಲಿಗೆ ಹೋಗಬೇಕು ಅದು? ಟೀಚರು ಮುಂದೆ ಹೋದರು. ಈರಣ್ಣನವರ ಹಿಂದೆ ನಿಂತರು, ಬಹಳ ಹೊತ್ತು ನಿಂತರು. 'ನಿಮ್ಮ ದನಿ ನನಗ ಕೇಳಸಲೇ ಇಲ್ಲ' ಎಂದರು. ನನಗೆ ಪಾಪ ಎನ್ನಿಸಿತು. ಸಂತೋಷವೂ ಆಯಿತು. ಟೀಚರು ಮಾತು ಮುಗಿಸಿರಲಿಲ್ಲ. 'ಹಂಗ ಇರಬೇಕು. ಇಡೀ ಸಾಲು ಒಂದ ದನಿ ಆಗಿತ್ತು ನಿಮ್ಮಿಂದ. ಯಾರ ಹತ್ರ ಕಲತೀರಿ?' ಈರಣ್ಣನವರು ಎರಡೂ ಕೈಯಿಂದ ನನ್ನನ್ನು ತೋರಿಸಿ, 'ಇವರ ಹತ್ರರೀ. ಬಂತು ಅಂದ್ರ ಬಂತು ಅಂತ ಇವರ ಹೇಳಿಕೊಟ್ಟಾರ' ಎಂದರು. ಟೀಚರು ನನ್ನ ಕಡೆ ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಹನ್ನೆರಡು ಹೆಸರುಗಳನ್ನು ಬಾಗಿಲಿಗೆ ಅಂಟಿಸಿದರು. ಈರಣ್ಣನವರದು ಮೂರನೆಯದು. ನನ್ನದು ಇರಲಿಲ್ಲ. ಹಾಳೆಯ ಹಿಂಬದಿಯನ್ನೂ ನೋಡಿದೆ. ತಹಶೀಲ್ದಾರರದೂ ಇರಲಿಲ್ಲ ಎಂಬುದು ಒಂದು ಸಮಾಧಾನ, ಆದರೆ ಅವರು ನನ್ನ ಪಕ್ಕದ ಮನೆಯವರಲ್ಲ. ವಾಪಸು ಅದೇ ಸ್ಕೂಟರಿನ ಹಿಂದೆ ಕೂತು ಬರಬೇಕಾಯಿತು. ದಾರಿಯುದ್ದಕ್ಕೂ ಅವರ ತಲೆತುಂಬ ಇದ್ದ ಕೂದಲು ಗಾಳಿಗೆ ಹಾರಿ ನನ್ನ ಮೂಗಿಗೆ ತಾಗುತ್ತಿತ್ತು. ಅವತ್ತು ಮಧ್ಯಾಹ್ನ ರೊಟ್ಟಿ ತಿನ್ನುವಾಗ ಅವರ ವಿಷಯದಲ್ಲಿ ಕೆಲವು ಮಾತು ಆಡಿದೆ. ವಿಜಯಾ ಇನ್ನೊಂದು ರೊಟ್ಟಿ ಹಾಕುತ್ತ, 'ಜ್ವಾಳ ಅವರದ ಅದ, ಸಾವಕಾಶ ಬಯ್ರಿ, ಗಂಟಲಾಗ ಸಿಕ್ಕೊಂಡೀತು' ಎಂದಳು. ನನಗೆ ನಿಜವಾಗಿ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂಬ ಮಾತನ್ನು ಮಾಡಿದವನು ಹೊಟ್ಟೆ ಮುಟ್ಟಿ ನೋಡಿಕೊಂಡೇ ಮಾಡಿದ್ದಾನೆ. ಕೂದಲು ಅವರಿಗೆ ಇರಲಿ, ನಿದ್ದೆ ಇರಲಿ, ಹೋಳಿಗೆ ಇರಲಿ. ನನ್ನದು ಎಂದು ಇದ್ದ ಒಂದೇ ಒಂದನ್ನೂ ತೆಗೆದುಕೊಂಡು ಹೋಗಬೇಕೇ? ಅದೂ ನನ್ನ ಮನೆಯಲ್ಲೇ ಕೂತು, ನನ್ನಿಂದಲೇ ಕಲಿತು?

ಸಂಜೆ ಆರಕ್ಕೆ, ಪಾಠದ ಹೊತ್ತಿಗೆ ಸರಿಯಾಗಿ, ಅವರು ಬಂದರು. ಮುಖ ಬಾಡಿತ್ತು. 'ಗುರುಗಳ, ನನಗ ಸಮಾಧಾನ ಇಲ್ಲರಿ. ನಿಮ್ಮನ್ನ ಬಿಟ್ಟು ನಾ ಹ್ಯಾಂಗ ಹಾಡ್ಲಿ? ಟೀಚರಗ ಹೇಳಿಬಿಡ್ತೇನಿ, ಬ್ಯಾಡ ಅಂತ. ನಿಮ್ಮ ಒಂದು ಮಾತಿಗೆ ಬಂದೇನಿ. ನೀವು ಬಿಡು ಅಂದ್ರ ಈಗ ಬಿಡ್ತೇನಿ' ಎಂದರು. ಅದು ಬಾಯುಪಚಾರದ ಮಾತಾಗಿರಲಿಲ್ಲ, ಫೋನು ಕೈಯಲ್ಲೇ ಇತ್ತು. ನಾನು 'ಬಿಡ್ರಿ' ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಕೂಡಲೇ 'ಛೇ ಛೇ' ಎನ್ನಬೇಕಾದ ಜಾಗದಲ್ಲಿ ನಾನು ಕೈಯಲ್ಲಿದ್ದ ಕಪ್ಪಿನ ಚಹವನ್ನು ಪೂರ್ತಿ ಕುಡಿದು ಮುಗಿಸಿದೆ. ವಿಜಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ಹೆದರಿ, 'ಹಾಡ್ರಿ ಈರಣ್ಣಾರ, ಹಂಗೆಲ್ಲಾ ಬಿಡಬಾರದು' ಎಂದೆ. ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು, ಬೇರೆ ಕಾರಣಕ್ಕೆ.

ಈಗ ಹೇಳುವುದನ್ನು ನಾನು ವಿಜಯಾಗೂ ಹೇಳಿಲ್ಲ. ಮರುದಿನ ಕಚೇರಿಯಲ್ಲಿ ಒಬ್ಬರ ಹಾನಿಯ ಅರ್ಜಿ ಪರಿಶೀಲಿಸುತ್ತ ಕೂತಿದ್ದಾಗ ನನಗೆ ಒಂದು ಯೋಚನೆ ಹೊಳೆಯಿತು. ಮುರ್ಕಿಯಿಂದ ನನ್ನ ಹೆಸರು ಹೋಗಿದೆ. ಈರಣ್ಣನವರಿಗೂ ಒಂದು ಮುರ್ಕಿ ಇದ್ದರೆ? ಸಂಜೆ ಅವರನ್ನು ನಾನೇ ಕರೆದೆ. 'ನೋಡ್ರಿ, ನೀವು ಆಯ್ಕೆ ಆಗಿ ಯೋಗ್ಯತಾ ತೋರಿಸೀರಿ. ಇನ್ನ ನಿಮ್ಮ ಮುಂದ ಏನೂ ಮುಚ್ಚಿಡಬಾರದು. ಮುರ್ಕಿ ಹೇಳಿಕೊಡ್ತೇನಿ' ಎಂದೆ. ಅವರು ಮತ್ತೊಮ್ಮೆ ನನ್ನ ಕಾಲು ಮುಟ್ಟಿದರು. ನಾನು ಇಡೀ ಜನ್ಮದಲ್ಲಿ ಇಷ್ಟು ಶ್ರದ್ಧೆಯಿಂದ ಏನನ್ನೂ ಮಾಡಿಲ್ಲ. ಗಂಟಲು ಎಲ್ಲಿ ಸಡಿಲ ಬಿಡಬೇಕು, ಉಸಿರು ಎಲ್ಲಿ ಹಿಡಿಯಬೇಕು, ಒಂದನ್ನೂ ಬಿಡದೆ ತೋರಿಸಿದೆ. ಮೂರು ವಾರದಲ್ಲಿ ಅವರಿಗೆ ಬಂದುಬಿಟ್ಟಿತು. ಎಷ್ಟು ಚೆನ್ನಾಗಿ ಬಂತೆಂದರೆ, ನನಗೆ ಅದಕ್ಕೂ ಹೊಟ್ಟೆ ಉರಿಯಿತು. ಯಾರ್ಡಿನಲ್ಲಿ ಚೀಲಗಳ ನಡುವೆ ನಿಂತು ಅದನ್ನೇ ಗುನುಗುತ್ತಾರೆಂದು ಅವರ ಮನೆಯವರು ವಿಜಯಾಗೆ ಹೇಳಿದರಂತೆ. ಒಳ್ಳೆಯ ವಿದ್ಯೆ ಕೊಟ್ಟ ಗುರು ಎಂದು ನನ್ನ ಹೆಸರು ಅಮರಗೋಳದವರೆಗೆ ಹೋಯಿತು. ತಂಡದ ತಾಲೀಮಿನಲ್ಲಿ ಮಾತ್ರ ಅವರು ಅದನ್ನು ಹಾಕಿದ ಸುದ್ದಿ ಬರಲಿಲ್ಲ, ಸಮ್ಮೇಳನದ ದಿನಕ್ಕೇ ತೆಗೆದಿಟ್ಟಿದ್ದಾರೆ ಎಂದುಕೊಂಡೆ. ಕೆಟ್ಟ ಉದ್ದೇಶದ ಕೆಲಸಕ್ಕೆ ಸಿಕ್ಕಷ್ಟು ಮರ್ಯಾದೆ ನನಗೆ ಒಳ್ಳೆಯ ಕೆಲಸಕ್ಕೆ ಎಂದೂ ಸಿಕ್ಕಿಲ್ಲ.

ಸ್ನೇಹ ಸಮ್ಮೇಳನದ ಬೆಳಿಗ್ಗೆ ಭವನದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ನಾನು ಎರಡನೆಯ ಸಾಲಿನಲ್ಲಿ ಕೂತೆ. ಇಪ್ಪತ್ನಾಲ್ಕು ಮಂದಿ ಸಾಲಾಗಿ ನಿಂತರು, ಗಂಡಸರಿಗೆ ಬಿಳಿ ಅಂಗಿ, ಹೆಂಗಸರಿಗೆ ಹಸಿರು ಇಳಕಲ್ ಸೀರೆ. ಈರಣ್ಣನವರು ನನ್ನನ್ನು ಹುಡುಕಿ, ಕಂಡು, ಅಲ್ಲಿಂದಲೇ ಕೈ ಮುಗಿದರು. ಹಾಡು ಶುರುವಾಯಿತು. ಬೆಳಗು ಬಂತು. ಬೇವಿನ ಗಿಡದ ಸಾಲು ಹತ್ತಿರ ಬರುತ್ತಿದ್ದಂತೆ ನನಗೆ ಏನಾಯಿತೋ, 'ಬ್ಯಾಡ ಈರಣ್ಣಾರ, ಬ್ಯಾಡ, ಸೀದಾ ಹಾಡ್ರಿ' ಎಂದು ಒಳಗೊಳಗೇ ಬೇಡಿಕೊಳ್ಳತೊಡಗಿದೆ. ಅಷ್ಟೂ ಮಂದಿಯ ಮುಂದೆ ಆ ಮನುಷ್ಯನ ಮುಖ ಸಣ್ಣದಾಗುವುದನ್ನು ನೋಡುವ ಗಟ್ಟಿತನ ನನಗಿಲ್ಲವೆಂದು ಆಗಷ್ಟೇ ಗೊತ್ತಾಯಿತು. ಕೆಟ್ಟತನಕ್ಕೂ ಒಂದು ಯೋಗ್ಯತೆ ಬೇಕು, ಅದೂ ನನ್ನಲ್ಲಿರಲಿಲ್ಲ. ಬಿಸಿಲು ಬಂತು. ಇಪ್ಪತ್ನಾಲ್ಕು ಮಂದಿಯದೂ ಒಟ್ಟಿಗೇ ಬಂತು, ಒಟ್ಟಿಗೇ ನಿಂತಿತು. ಈರಣ್ಣನವರ ದನಿ ಎಲ್ಲಿತ್ತೋ, ನನಗೆ ಕೇಳಿಸಲೇ ಇಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಹಶೀಲ್ದಾರರು 'ವಾಹ್' ಎಂದರು. ನಾನೂ ಎಂದೆ.

ಆಮೇಲೆ ಶಿರಾ, ಉಪ್ಪಿಟ್ಟು. ಈರಣ್ಣನವರು ಎರಡು ಪ್ಲೇಟು ಹಿಡಿದುಕೊಂಡು ನನ್ನ ಪಕ್ಕದ ಕುರ್ಚಿಗೆ ಬಂದರು. ನನ್ನದರಲ್ಲಿ ಶಿರಾ ಹಾಕಿಸಿರಲಿಲ್ಲ. ನನ್ನ ಸಕ್ಕರೆಯ ನೆನಪು ನನಗಿಂತ ಅವರಿಗೇ ಇತ್ತು. 'ಗುರುಗಳ, ಬೇಜಾರ ಮಾಡ್ಕೋಬ್ಯಾಡ್ರಿ. ನೀವು ಕೊಟ್ಟ ಮುರ್ಕಿ ಹಾಕಲಿಲ್ಲ. ಅಷ್ಟೂ ಮಂದಿ ಸೀದಾ ಹೊಂಟಾಗ ನಾ ಒಬ್ಬಾವ ಹೊಳ್ಳೋದು ಹ್ಯಾಂಗರಿ?' ಎಂದರು. ನನಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿಕೊಂಡು ಎಲ್ಲ ಹೇಳಿಬಿಟ್ಟೆ. ಮೊದಲು ಯಾಕೆ ಕಲಿಸಲಿಲ್ಲ, ಆಮೇಲೆ ಯಾಕೆ ಕಲಿಸಿದೆ, ಎರಡನ್ನೂ. ಹೋಳಿಗೆ, ನಿದ್ದೆ, ಕೂದಲುಗಳ ವಿಷಯವನ್ನೂ ಹೇಳಿದೆ. ಅವರು ಬಾಯಿಗೆ ಒಯ್ಯುತ್ತಿದ್ದ ಚಮಚವನ್ನು ಅಲ್ಲೇ ನಿಲ್ಲಿಸಿ ಕೇಳಿದರು. ಆಮೇಲೆ ಶಿರಾ ಬಾಯಿಗೆ ಹಾಕಿಕೊಂಡು, ನುಂಗಿ, 'ಇರ್ಲಿ ಬಿಡ್ರಿ. ಬಾಜೂ ಮನಿಯವರ ಅಂದಮ್ಯಾಲೆ ಅಷ್ಟೂ ಇರದಿದ್ರ ಹ್ಯಾಂಗ?' ಎಂದು ನಕ್ಕುಬಿಟ್ಟರು. ಅವರ ನಗುವಿನಲ್ಲಿ ಸ್ವಲ್ಪವಾದರೂ ಕಹಿ ಇದೆಯೇ ಎಂದು ಹುಡುಕಿದೆ. ಇರಲಿಲ್ಲ.

ನನ್ನ ಮನಸ್ಸು ಹಗುರಾಯಿತು. ಹಗುರಾದ ಮನಸ್ಸಿಗೆ ಒಂದು ಆಸೆ ಹುಟ್ಟಿತು. 'ಈರಣ್ಣಾರ, ಖರೇ ಹೇಳ್ರಿ. ನಾ ಅಂತೂ ಹೇಳಿಬಿಟ್ಟೆ. ಹನ್ನೊಂದು ವರ್ಷದಾಗ ನಿಮಗೂ ಒಮ್ಮೆಯರೆ, ಯಾವುದರೆ ಒಂದು ವಿಷಯದಾಗ, ನನ್ನ ಮ್ಯಾಲೆ ಹೊಟ್ಟಿಕಿಚ್ಚು ಆಗಿದ್ದೀತಲ್ಲ?' ಎಂದು ಕೇಳಿದೆ. ಈರಣ್ಣನವರು ಸುಳ್ಳು ಹೇಳುವವರಲ್ಲ. ಪ್ಲೇಟು ಕೆಳಗಿಟ್ಟರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಹಣೆ ಗಂಟಿಕ್ಕಿದರು. 'ಮನಿ...' ಎಂದರು, ಆಮೇಲೆ ಇಲ್ಲವೆಂಬಂತೆ ತಲೆಯಾಡಿಸಿದರು. 'ನೌಕರಿ...' ಎಂದು ಯೋಚನೆಯಲ್ಲೇ ಸ್ವಲ್ಪ ದೂರ ಹೋಗಿ ತಿರುಗಿ ಬಂದರು. ಅವರು ನನ್ನ ಸಲುವಾಗಿ ನಿಜವಾಗಿಯೂ ಕಷ್ಟಪಡುತ್ತಿದ್ದರು. 'ಮುರ್ಕಿ?' ಎಂದು ನಾನೇ ಮೆಲ್ಲಗೆ ನೆನಪು ಮಾಡಿದೆ. 'ಅದು ಈಗ ನನಗೂ ಬರ್ತದಲ್ರೀ' ಎಂದರು ಪಾಪ. ಕೊನೆಗೆ ನನ್ನ ಮುಖ ನೋಡಲಾರದೆ ಭುಜದ ಮೇಲೆ ಕೈ ಇಟ್ಟು, 'ಗಡಿಬಿಡಿ ಮಾಡಬ್ಯಾಡ್ರಿ ಗುರುಗಳ. ಏನರೆ ಇದ್ದ ಇರ್ತದ. ವಿಚಾರ ಮಾಡಿ ಹೇಳ್ತೇನಿ' ಎಂದರು.

ಇದಾಗಿ ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಅವರು ಸ್ಕೂಟರು ಹೊರಗೆ ತೆಗೆಯುವ ಹೊತ್ತಿಗೆ ನಾನು ಏನೋ ಕೆಲಸವಿರುವವನಂತೆ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಅವರು ನಕ್ಕು ನಮಸ್ಕಾರ ಮಾಡಿ ಅಂಗಡಿಗೆ ಹೋಗುತ್ತಾರೆ. ನಿನ್ನೆ ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಗೋಡೆಯ ಆಚೆಯಿಂದ 'ಗುರುಗಳ! ಗುರುಗಳ!' ಎಂದು ಕೂಗಿದರು. ದನಿಯಲ್ಲಿ ಏನೋ ಹೊಳೆದ ಉತ್ಸಾಹವಿತ್ತು. ನಾನು ಅರ್ಧ ಮುಖದ ಸೋಪಿನಲ್ಲೇ ಓಡಿ ಹೋಗಿ, ಗೋಡೆಗೆ ಎದೆ ಹಚ್ಚಿ, 'ಹೇಳ್ರಿ ಈರಣ್ಣಾರ, ಹೇಳ್ರಿ' ಎಂದೆ. ನಿಮ್ಮ ಕಡೆ ನಳ ಬಂತೇನ್ರಿ ಎಂದು ಕೇಳಿದರು.